ತೂತು ಹಲಗೆಯಲ್ಲಿ ಇಪ್ಪತ್ತೊಂದು

ಹೋದ ಭಾನುವಾರ ನಮ್ಮ ಯಜಮಾನರು ನೀರಿನ ಪೈಪು ಹುಡುಕಲು ಅಟ್ಟ ಹತ್ತಿದರು. ಅಟ್ಟದಲ್ಲಿ ಅವರು ಹುಡುಕಿದ ವಸ್ತು ಅವರಿಗೆ ಇವತ್ತಿನವರೆಗೆ ಸಿಕ್ಕಿದ್ದಿಲ್ಲ. ಹುಡುಕದೆ ಇದ್ದದ್ದು ಮಾತ್ರ ಧಾರಾಳವಾಗಿ ಸಿಗುತ್ತದೆ. ಅವತ್ತೂ ಪೈಪಿನ ಬದಲು ಒಂದು ಗೋಣಿಚೀಲ ಅವರ ಕೈ ತಗುಲಿ ಕೆಳಗೆ ನನ್ನ ಕಾಲ ಬಳಿ ಧೊಪ್ಪೆಂದು ಬಿತ್ತು. ಹಿಟ್ಟಿನಂಥ ದೂಳೆದ್ದಿತು, ಅದರ ಹಿಂದೆಯೇ ವಾಸನೆ. ಹುಳು ಹಿಡಿದ ಮುಸುಕಿನ ಜೋಳದ ವಾಸನೆ ನಿಮಗೆ ಗೊತ್ತಿರಬಹುದು. ಸ್ವಲ್ಪ ಸಿಹಿ, ಸ್ವಲ್ಪ ಮುಗ್ಗಲು. ಮೇಲಿನಿಂದ ಅವರು ಅದೇನೆಂದು ಕೇಳಿದರು. ಗೋಣಿಯೊಳಗೆ ಎಂಟು ಪುಟ್ಟ ಬಟ್ಟೆ ಚೀಲಗಳಿವೆ, ನಾಲ್ಕು ಹಸಿರು, ನಾಲ್ಕು ಕೆಂಪು ಎಂದು ಬಿಚ್ಚದೆಯೇ ಗೊತ್ತಿತ್ತು. ಹಸಿರು ನನ್ನವು. ಕೆಂಪು ನನ್ನ ಅತ್ತೆಯವರದು. ಅವರು ತೀರಿಕೊಂಡು ಮೂರು ವರ್ಷವಾಯಿತು.

ಆ ಚೀಲಗಳಿಂದ ನಾವು ಆಡುತ್ತಿದ್ದ ಆಟದ ಹೆಸರು ಕಾರ್ನ್‌ಹೋಲ್. ಮೊದಲ ಸಲ ಹೆಸರು ಕೇಳಿದಾಗ ಯಾವುದೋ ಹೊಸ ಕುರುಕಲು ತಿಂಡಿ ಇರಬೇಕೆಂದು ತಿಳಿದವಳು ನಾನು. ಇಳಿಜಾರಾಗಿ ನಿಲ್ಲಿಸಿದ ಒಂದು ಹಲಗೆ, ಅದರ ಮೇಲುಭಾಗದಲ್ಲಿ ದುಂಡನೆಯ ತೂತು. ದೂರದಲ್ಲಿ ನಿಂತು ಜೋಳ ತುಂಬಿದ ಚೀಲವನ್ನು ಅದಕ್ಕೆ ಗುರಿಯಿಟ್ಟು ಎಸೆಯಬೇಕು. ಅಷ್ಟೇ ಆಟ. ಅತ್ತೆ ಅದನ್ನು ತೂತು ಹಲಗೆ ಎಂದು ಕರೆದರು, ನಮ್ಮ ಮನೆಯಲ್ಲಿ ಅದೇ ಉಳಿಯಿತು. ಉಳ್ಳವರು ಹುಲ್ಲುಹಾಸಿನ ಮೇಲೆ ನಿಂತು ಆಡುವಂಥದ್ದಂತೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹುಲ್ಲುಹಾಸು ಎಲ್ಲಿಂದ ಬರಬೇಕು? ಮನೆಯ ಹಿಂದೆ ನಮ್ಮವರ ನಾಲ್ಕು ಮಗ್ಗದ ಶೆಡ್ಡು, ಆ ಕಡೆ ಇನ್ನೊಬ್ಬರದು, ಈ ಕಡೆ ಮತ್ತೊಬ್ಬರದು. ಆದರೆ ಪಕ್ಕದಲ್ಲೊಂದು ಖಾಲಿ ಸೈಟಿತ್ತು. ಅದರ ಒಡೆಯರನ್ನು ನಾವ್ಯಾರೂ ಕಂಡವರಲ್ಲ. ಸುತ್ತ ಪಾರ್ಥೇನಿಯಂ ಗಿಡ, ನಡುವೆ ಹಸುಗಳು ಮೇಯ್ದು ಬಿಟ್ಟ ಒಂದಿಷ್ಟು ಗರಿಕೆ. ಅದೇ ನಮ್ಮ ಲಾನು.

ಅತ್ತೆಯವರ ವಿಷಯ ಹೇಳದೆ ಆಟದ ವಿಷಯ ಹೇಳಲಾಗದು. ನಲವತ್ತು ವರ್ಷ ಮಗ್ಗದ ಕಂಡಿಕೆಗೆ ನೂಲು ಸುತ್ತಿದ ಕೈ ಅವರದು. ಓದು ಬರಹ ಇರಲಿಲ್ಲ. ಆದರೆ ನೂಲಿನ ಎಳೆಯನ್ನು ಬೆರಳಲ್ಲಿ ಮುಟ್ಟಿಯೇ ಎಷ್ಟನೆಯದು ಕಡಿದಿದೆ ಎಂದು ಹೇಳುತ್ತಿದ್ದರು. ನೆನಪಿನ ಶಕ್ತಿಯನ್ನಂತೂ ಕೇಳಲೇಬೇಡಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಯಾವ ಹಬ್ಬದ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ, ಅದನ್ನು ಯಾರ ಮೇಲೆ ಹೊರಿಸಿದ್ದೆ, ಎಲ್ಲವೂ ಅವರ ಬಾಯಲ್ಲಿತ್ತು. ಕೂಡುವ ಲೆಕ್ಕ ಅವರಿಗೆ ಚೆನ್ನಾಗಿ ಬರುತ್ತಿತ್ತು; ಕಳೆಯುವ ಲೆಕ್ಕ ಬರುತ್ತಿರಲಿಲ್ಲ. ನಾನೋ, ಊರಾಚೆಯ ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುವ ಟೀಚರು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಕ್ಕಿಂತ ಟೀಚರಮ್ಮ ಎಂದು ಕರೆದದ್ದೇ ಹೆಚ್ಚು. ಅದರಲ್ಲಿ ಗೌರವ ಎಷ್ಟಿತ್ತು, ಚುಚ್ಚು ಎಷ್ಟಿತ್ತು ಎಂಬುದು ನನಗೆ ಇಪ್ಪತ್ತೈದು ವರ್ಷವಾದರೂ ಬಗೆಹರಿಯಲಿಲ್ಲ.

ಅಂಥವರಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಮಾತು ವಾರದೊಳಗೆ ಮರಳಿತು, ಕಾಲು ಒಂದು ತಿಂಗಳಲ್ಲಿ ಸುಧಾರಿಸಿತು. ಬಲಗೈ ಮಾತ್ರ ಬರಲಿಲ್ಲ. ವ್ಯಾಯಾಮ ಹೇಳಿಕೊಡಲು ಬಂದವರು ಹಿಸುಕಲೆಂದು ಒಂದು ಮೆತ್ತನೆಯ ರಬ್ಬರ್ ಚೆಂಡು ಕೊಟ್ಟು ಹೋದರು. ಹಿಂಡಲು ಇದೇನು ನಿಂಬೆಹಣ್ಣೇ ಎಂದು ಅತ್ತೆ ಅದನ್ನು ಬೀದಿ ನಾಯಿಗೆ ಎಸೆದರು, ಅದೂ ಎಡಗೈಯಲ್ಲಿ. ದಿನಾ ಬೆಳಿಗ್ಗೆ ನಾನು ಅವರ ತಲೆ ಬಾಚಿ ತುರುಬು ಕಟ್ಟುವಾಗ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಇಪ್ಪತ್ತೈದು ವರ್ಷ ನನ್ನ ತಪ್ಪು ಎಣಿಸಿದವರು ಆಗ ಒಂದು ಮಾತೂ ಆಡುತ್ತಿರಲಿಲ್ಲ. ಬೈದರೆ ಸಾಕು ಎಂದು ನನಗೆ ಅನ್ನಿಸಿದ್ದು ಅದೇ ಮೊದಲು.

ಅಷ್ಟರಲ್ಲಿ ನಾದಿನಿಯ ಮಗಳ ಮದುವೆ ಬಂತು, ದೇವನಹಳ್ಳಿ ಕಡೆಯ ಒಂದು ರೆಸಾರ್ಟಿನಲ್ಲಿ. ಊಟವಾದ ಮೇಲೆ ಹುಡುಗರು ಹುಡುಗಿಯರು ಹುಲ್ಲಿನ ಮೇಲೆ ಈ ಹಲಗೆ ಇಟ್ಟುಕೊಂಡು ಆಡುತ್ತಿದ್ದರು. ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಅತ್ತೆ ಎದ್ದು ಹೋಗಿ ಒಂದು ಚೀಲ ಕೇಳಿದರು. ಎಡಗೈಯಿಂದ ಇಸಕೊಂಡು ಬಲಗೈಗೆ ಇಟ್ಟುಕೊಂಡು ಎಸೆದರು. ಅದು ಅವರ ಪಾದದ ಮೇಲೆಯೇ ಬಿತ್ತು. ಸುತ್ತ ಇದ್ದವರೆಲ್ಲ ತಕ್ಷಣ ಹೂವಿನ ಅಲಂಕಾರ ನೋಡತೊಡಗಿದರು. ನಾನೂ ನೋಡಿದೆ. ವಾಪಸು ಬರುವಾಗ ಕಾರಿನಲ್ಲಿ ಅತ್ತೆ, ಅಂಥದೊಂದು ಹಲಗೆ ಮನೆಯಲ್ಲಿ ಮಾಡಲು ಆಗುತ್ತದೆಯೇ ಎಂದು ಮಗನನ್ನು ಕೇಳಿದರು.

ಆಗದೆ ಏನು. ನಮ್ಮವರು ಎರಡಡಿ ಅಗಲ, ನಾಲ್ಕಡಿ ಉದ್ದದ ಹಳೆಯ ಪ್ಲೈವುಡ್ ತಂದರು. ಸ್ಟೀಲ್ ಡಬ್ಬಿಯ ಮುಚ್ಚಳ ಇಟ್ಟು ಪೆನ್ಸಿಲಿನಲ್ಲಿ ಗೆರೆ ಹಾಕಿ ತೂತು ಕೊರೆದರು. ಎರಡು ದಿನ ಸಾರಿನ ಪುಡಿಯ ಡಬ್ಬಿ ಮುಚ್ಚಳವಿಲ್ಲದೆ ಇತ್ತು. ಪಕ್ಕದ ಮನೆಯ ಶಾಹೀನ್, ರವಿಕೆ ಹೊಲಿಯುವವಳು, ಮಗ್ಗದ ಸೀರೆ ತುಂಡುಗಳಿಂದ ಎಂಟು ಚೀಲ ಹೊಲಿದುಕೊಟ್ಟಳು. ಜೋಳ ತುಂಬಿದ ಮೇಲೆ ಒಂದೊಂದೂ ಅರ್ಧ ಕೇಜಿಗೆ ತುಸು ಕಮ್ಮಿ. ಇಪ್ಪತ್ತೇಳು ಅಡಿ ದೂರದಿಂದ ಎಸೆಯಬೇಕೆಂಬುದು ನಿಯಮ. ನಾವು ಹತ್ತು ಅಡಿಗೆ ಗೆರೆ ಎಳೆದೆವು.

ನಿಯಮಗಳನ್ನು ನಾನು ಫೋನಿನಲ್ಲಿ ಓದಿ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಹಳೆಯ ಚಾಳಿ. ಚೀಲ ಹಲಗೆಯ ಮೇಲೆ ನಿಂತರೆ ಒಂದು ಅಂಕ. ತೂತಿನೊಳಗೆ ಬಿದ್ದರೆ ಮೂರು. ನೆಲಕ್ಕೆ ಬಡಿದು ಹಾರಿ ಹಲಗೆ ಹತ್ತಿದರೆ ಏನೂ ಇಲ್ಲ. ಒಬ್ಬೊಬ್ಬರಿಗೆ ನಾಲ್ಕು ಚೀಲ, ನೀನೊಂದು ನಾನೊಂದು ಎಂದು ಸರದಿಯ ಮೇಲೆ. ಎಂಟೂ ಮುಗಿದ ಮೇಲೆ ಆ ಸುತ್ತಿನ ಲೆಕ್ಕ. ಮೊದಲು ಇಪ್ಪತ್ತೊಂದು ಮುಟ್ಟಿದವರು ಗೆದ್ದಂತೆ. ಇಲ್ಲಿಯವರೆಗೆ ಅತ್ತೆ ತಲೆಯಾಡಿಸಿದರು. ಎಡವಟ್ಟಾದದ್ದು ಕೊನೆಯ ನಿಯಮದಲ್ಲಿ. ಈ ಆಟದಲ್ಲಿ ಇಬ್ಬರ ಅಂಕಗಳೂ ಅವರವರಿಗೆ ಸೇರುವುದಿಲ್ಲ. ಹೆಚ್ಚಿನವರ ಅಂಕದಲ್ಲಿ ಕಡಿಮೆಯವರದನ್ನು ಕಳೆದು, ಉಳಿದದ್ದನ್ನು ಮಾತ್ರ ಹೆಚ್ಚಿನವರಿಗೆ ಕೊಡುತ್ತಾರೆ. ನಾನು ಐದು, ನೀವು ಮೂರು ಆದರೆ ನನಗೆ ಎರಡು, ನಿಮಗೆ ಸೊನ್ನೆ. ಇಬ್ಬರೂ ಮೂರು ಮೂರಾದರೆ ಯಾರಿಗೂ ಏನೂ ಇಲ್ಲ.

“ನಾನ್ ಹಾಕಿದ್ದು ನಂದು,” ಎಂದರು ಅತ್ತೆ. “ನೀನ್ ಹಾಕಿದ್ರೆ ನಂದ್ಯಾಕೆ ಹೋಗ್ಬೇಕು?”

ನೀವೇ ಹೇಳಿ, ಏನು ಉತ್ತರ ಕೊಡುತ್ತೀರಿ? ಸಾವಿರಾರು ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸಿದ ನಾನು ಕಲ್ಲು ಇಟ್ಟು ತೋರಿಸಿದೆ, ಹುರುಳಿಕಾಳು ಇಟ್ಟು ತೋರಿಸಿದೆ. ಲೆಕ್ಕ ಅವರಿಗೆ ಅರ್ಥವಾಗದೆ ಇರಲಿಲ್ಲ, ಒಪ್ಪಿಗೆಯಾಗಿರಲಿಲ್ಲ. ಜೀವವಿಲ್ಲದ ಕೈಯಿಂದ ಕಷ್ಟಪಟ್ಟು ಹಲಗೆಯ ಮೇಲೆ ಒಂದು ಚೀಲ ನಿಲ್ಲಿಸಿದರೆ, ಸೊಸೆ ಬಂದು ಸುಲಭವಾಗಿ ಇನ್ನೊಂದು ನಿಲ್ಲಿಸಿ ಅದನ್ನು ಇಲ್ಲವಾಗಿಸುವುದು ಯಾವ ನ್ಯಾಯ? ಕೊನೆಗೆ ನಿಯಮ ಎಂದರೆ ನಿಯಮ ಎಂದು ನಾನು ಶಾಲೆಯ ದನಿ ತೆಗೆದೆ. ಅತ್ತೆ ಗೊಣಗುತ್ತಲೇ ಗೆರೆಗೆ ಬಂದು ನಿಂತರು.

ಮೊದಲ ವಾರ ಅವರ ಚೀಲಗಳು ಹಲಗೆಯ ಹತ್ತಿರಕ್ಕೂ ಹೋಗಲಿಲ್ಲ. ಎರಡನೆಯ ವಾರ ಒಂದೆರಡು ಹಲಗೆ ಹತ್ತಿದವು. ಆಗ ನಾನೊಂದು ಬುದ್ಧಿವಂತಿಕೆ ಮಾಡಿದೆ. ಅತ್ತೆಗೆ ಒಂದು ಅಂಕ ಬಂದ ಸುತ್ತಿನಲ್ಲಿ ನನ್ನ ಚೀಲಗಳು ತಪ್ಪತೊಡಗಿದವು. ಸುಮ್ಮನೆ ತಪ್ಪಿದರೆ ಗೊತ್ತಾಗುತ್ತದೆ. ಹಲಗೆಯ ಅಂಚಿಗೆ ಬಡಿದು ಜಾರುವ ಹಾಗೆ ಎಸೆಯಬೇಕು, ಆಮೇಲೆ ಅಯ್ಯೋ ಎನ್ನಬೇಕು. ಮೂರು ವಾರದಲ್ಲಿ ನಾನು ಆ ಕಲೆಯಲ್ಲಿ ಪಳಗಿದೆ. ಒಂದು ಸಂಜೆ ಅತ್ತೆ ಇಪ್ಪತ್ತೊಂದು ಮುಟ್ಟಿದರು. ಬೇಕರಿಯಿಂದ ಜಾಮೂನು ತರಿಸಿ ತಾವೇ ಎತ್ತಿಕೊಂಡು ಹೋಗಿ ಶಾಹೀನ್ ಮನೆಗೆ ಕೊಟ್ಟು, ಗೆದ್ದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಬಂದರು. ನನಗೆ ನನ್ನ ಬಗ್ಗೆ ಬಹಳ ಸಂತೋಷವಾಯಿತು. ಎಂಥ ಒಳ್ಳೆಯ ಸೊಸೆ ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಆ ಬೆನ್ನು ತಟ್ಟಿಕೊಂಡ ಗರ್ವದಲ್ಲೇ ಎಡವಿದೆ. ಮಾರನೆಯ ದಿನ ಶಾಲೆಯಿಂದ ಬೇಗ ಬಂದವಳು ಯಾರೂ ಇಲ್ಲವೆಂದು ಸೈಟಿಗೆ ಹೋಗಿ ಒಬ್ಬಳೇ ಎಸೆಯುತ್ತಿದ್ದೆ. ನಾಲ್ಕರಲ್ಲಿ ಮೂರು ಚೀಲ ತೂತಿಗೆ ಬಿದ್ದವು. ತಿರುಗಿ ನೋಡಿದರೆ ಅತ್ತೆ ಕಿಟಕಿಯಲ್ಲಿ. ಸಂಜೆ ಎಂದಿನಂತೆ ಬಂದು ಗೆರೆಯ ಮೇಲೆ ನಿಂತರು. ತಮ್ಮ ಕೆಂಪು ಚೀಲಗಳನ್ನು ಒಂದೊಂದಾಗಿ, ನನ್ನ ಸರದಿಗೂ ಕಾಯದೆ, ನಾಲ್ಕನ್ನೂ ಪಾರ್ಥೇನಿಯಂ ಗಿಡಗಳ ಒಳಕ್ಕೆ ಎಸೆದರು.

“ಎಷ್ಟಾಯ್ತು ಟೀಚರಮ್ಮ? ನೀನೂ ಹಾಕಲ್ಲ, ನಾನೂ ಹಾಕಲ್ಲ. ಇದಕ್ಕೆ ಆಟ ಅಂತಾರಾ?” ಎಂದರು. “ನಂಗೆ ಕೈ ಹೋಗಿದೆ ಕಣೇ, ಕಣ್ಣು ಹೋಗಿಲ್ಲ.”

ನಾನು ಗಿಡದೊಳಗೆ ಬಗ್ಗಿ ಚೀಲ ಹುಡುಕುತ್ತಾ ಅಲ್ಲಿಯೇ ಸ್ವಲ್ಪ ಹೆಚ್ಚು ಹೊತ್ತು ಕಳೆದೆ. ಎದ್ದು ಬಂದು ತಪ್ಪಾಯಿತು ಎಂದೆ. ಇನ್ನು ಮೇಲೆ ಬಿಟ್ಟುಕೊಡುವುದಿಲ್ಲ ಎಂದು ಅವರು ನನ್ನಿಂದ ಮಾತು ತೆಗೆದುಕೊಂಡರು. ಅಷ್ಟಕ್ಕೇ ಬಿಡಲಿಲ್ಲ. ನೇರವಾಗಿ ಶಾಹೀನ್ ಮನೆಗೆ ಹೋದರು. ಆಮೇಲೆ ಅವಳೇ ಕಾಂಪೌಂಡ್ ಗೋಡೆಯ ಮೇಲಿಂದ ನನಗೆ ಹೇಳಿದಳು: “ಅಮ್ಮ ಬಂದು, ನಿನ್ನೆ ಗೆದ್ದಿದ್ದು ಲೆಕ್ಕಕ್ಕಿಲ್ಲ ಅಂದ್ರು ಟೀಚರ್. ಜಾಮೂನು ತಿಂದಾಗಿತ್ತು, ಏನ್ ಮಾಡ್ಲಿ?”

ಅವತ್ತಿನಿಂದ ನಿಜವಾದ ಆಟ. ಎಂದರೆ, ನಿಜವಾದ ಸೋಲು. ಇಪ್ಪತ್ತೊಂದಕ್ಕೆ ಎರಡು, ಇಪ್ಪತ್ತೊಂದಕ್ಕೆ ನಾಲ್ಕು, ಹೀಗೆ ತಿಂಗಳುಗಟ್ಟಲೆ ಅತ್ತೆ ಸೋತರು. ಸೋತಾಗಲೆಲ್ಲ ಬಾಯಿತುಂಬ ಬೈದರು. ಹಲಗೆಯನ್ನು ಬೈದರು, ಅದನ್ನು ಮಾಡಿದ ಮಗನನ್ನು ಬೈದರು, ಸಾರಿಗೆ ಎರಡು ಸಲ ಬಿದ್ದ ಉಪ್ಪನ್ನು ಬೈದರು. ಮನೆಗೆ ಕಳೆ ಬಂತು.

ಈ ನಡುವೆ ಒಂದು ವಿಚಿತ್ರ ನಡೆಯಿತು. ಯಾವ ನಿಯಮವನ್ನು ಅನ್ಯಾಯ ಎಂದು ಜಗಳವಾಡಿದ್ದರೋ ಅದರ ಇನ್ನೊಂದು ಮಗ್ಗುಲು ಅತ್ತೆಗೆ ಕಂಡಿತು. ತಮ್ಮ ಒಂದು ಚೀಲ ಹಲಗೆ ಹತ್ತಿದರೆ ತಮಗೆ ಏನೂ ಬಾರದಿದ್ದರೂ ನನ್ನದೊಂದು ಹೋಗುತ್ತದಲ್ಲ! ಅಲ್ಲಿಂದ ಅವರ ಎಣಿಕೆಯೇ ಬದಲಾಯಿತು. ತಮಗೆ ಎಷ್ಟು ಬಂತೆಂದು ಎಣಿಸುವುದನ್ನು ಬಿಟ್ಟು, ನನ್ನದು ಎಷ್ಟು ಕಳೆದೆನೆಂದು ಎಣಿಸತೊಡಗಿದರು. ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ವರದಿ: ಇವತ್ತು ನಿನ್ನ ಹೆಂಡತಿಯದು ಏಳು ತೆಗೆದೆ. ಇನ್ನೊಂದು ದಿನ ಒಂಬತ್ತು. ನಾನು ಗೆದ್ದು ಬಂದರೂ ಕಳೆದುಕೊಂಡವಳ ಹಾಗೆ ತಟ್ಟೆ ನೋಡುತ್ತಾ ಕೂರಬೇಕಿತ್ತು. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ಶಾಲೆಯ ಕೊನೆಯ ಗಂಟೆ ಯಾವಾಗ ಹೊಡೆಯುತ್ತದೋ ಎಂದು ಮಕ್ಕಳಿಗಿಂತ ಹೆಚ್ಚಾಗಿ ನಾನು ಕಾಯುತ್ತಿದ್ದೆ. ನನ್ನನ್ನು ಅಷ್ಟು ಗಮನವಿಟ್ಟು ನೋಡಿದವರು, ನಾನು ಎಸೆಯುವ ಒಂದೊಂದಕ್ಕೂ ಎದುರು ನಿಂತವರು ಇನ್ನು ಯಾರಿದ್ದರು? ಅಮ್ಮನಿಲ್ಲದೆ ಬೆಳೆದವಳು ನಾನು. ಇದನ್ನು ಅತ್ತೆಗೆ ಎಂದೂ ಹೇಳಲಿಲ್ಲ.

ಕೈ ಹೇಗೆ ಸುಧಾರಿಸಿತೆಂದು ನಮಗೆ ತಿಳಿಯಲೇ ಇಲ್ಲ. ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದು ಹೋದರೆ ಅವರು ಆಗಲೇ ತುರುಬು ಕಟ್ಟಿಕೊಂಡು ಕೂತಿದ್ದರು. ಸೊಟ್ಟಗಿತ್ತು, ಆದರೆ ತಾವೇ ಕಟ್ಟಿದ್ದು. ನಾನು ಸರಿಪಡಿಸಲು ಕೈ ಚಾಚಿದ್ದಕ್ಕೆ ಕೈಯ ಮೇಲೊಂದು ಏಟು ಬಿತ್ತು. ಬಲಗೈಯ ಏಟು.

ಇನ್ನು ಕೊನೆಯ ಆಟ. ಆ ಸಂಜೆ ನನಗೆ ಹದಿನೆಂಟು, ಅತ್ತೆಗೆ ಹತ್ತೊಂಬತ್ತು. ಅವರು ಅಷ್ಟು ಎತ್ತರಕ್ಕೆ ಎಂದೂ ಬಂದಿರಲಿಲ್ಲ. ಸುದ್ದಿ ಹೇಗೆ ಹೋಯಿತೋ, ಶಾಹೀನ್ ಗೋಡೆಯ ಬಳಿ ಬಂದು ನಿಂತಳು, ನಮ್ಮವರು ಮಗ್ಗ ನಿಲ್ಲಿಸಿ ಶೆಡ್ಡಿನ ಬಾಗಿಲಿಗೆ ಬಂದರು. ಹಿಂದಿನ ಸುತ್ತಿನಲ್ಲಿ ಅಂಕ ಪಡೆದವರು ಮುಂದಿನದನ್ನು ಶುರು ಮಾಡಬೇಕು. ಹಾಗಾಗಿ ಅತ್ತೆ ಮೊದಲು, ಸುತ್ತಿನ ಕೊನೆಯ ಚೀಲ ನನ್ನದು. ಅವರ ಮೊದಲೆರಡು ನೆಲಕ್ಕೆ ಹೋದವು. ನನ್ನದೊಂದು ಹಲಗೆಯ ಮೇಲೆ ನಿಂತಿತು, ಇನ್ನೊಂದು ಜಾರಿತು. ಅವರ ಮೂರನೆಯದು ಮೇಲೆದ್ದು, ನಿಧಾನವಾಗಿ ಇಳಿದು, ಅಂಚನ್ನೂ ಮುಟ್ಟದೆ ತೂತಿಗೆ ಬಿತ್ತು. ಶಾಹೀನ್ ಗೋಡೆ ಬಡಿದಳು. ನನ್ನ ಮೂರನೆಯದು ಗಾಬರಿಯಲ್ಲಿ ಎಲ್ಲಿಗೋ ಹೋಯಿತು. ಅವರ ನಾಲ್ಕನೆಯದು ಹಲಗೆಯ ಮುಂದೆ ಬಿತ್ತು. ಈಗ ಅವರಿಗೆ ಮೂರು, ನನಗೆ ಒಂದು. ಕಳೆದರೆ ಎರಡು. ಹತ್ತೊಂಬತ್ತಕ್ಕೆ ಎರಡು ಸೇರಿದರೆ ಇಪ್ಪತ್ತೊಂದು. ನನ್ನ ಕೈಯಲ್ಲಿ ಒಂದೇ ಒಂದು ಹಸಿರು ಚೀಲ ಉಳಿದಿತ್ತು.

ಅದು ತಪ್ಪಿದರೆ ಅತ್ತೆ ಗೆದ್ದರು. ತಪ್ಪಿಸಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ ಬೆರಳುಗಳೇ ಸಡಿಲವಾದವು. ಬೇಕೆಂದೇ ತಪ್ಪಿಸುವುದರಲ್ಲಿ ನನಗೆ ಮೂರು ವಾರದ ಅನುಭವವಿತ್ತು. ಅತ್ತೆ ಹಲಗೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

“ಸರಿಯಾಗ್ ಹಾಕು,” ಎಂದರು.

ಹಾಕಿದೆ. ನೇರವಾಗಿ ತೂತಿಗೆ ಬಿತ್ತು. ನಾನು ನೋಟುಬುಕ್ಕು ತೆಗೆಯುವ ಮೊದಲೇ ಅತ್ತೆ ಬಾಯಲ್ಲೇ ಲೆಕ್ಕ ಮಾಡಿದರು: “ನಿಂದು ನಾಲ್ಕು, ನಂದು ಮೂರು ಹೋದ್ರೆ ಒಂದು. ನಿಂಗೂ ಹತ್ತೊಂಬತ್ತು.” ಆಮೇಲೆ ಸೆರಗು ಸರಿಮಾಡಿಕೊಂಡು, “ಕತ್ತಲಾಯ್ತು, ನಾಳೆ ನೋಡ್ಕೋತೀನಿ ನಿನ್ನ,” ಎಂದು ಒಳಗೆ ನಡೆದರು. ಅವತ್ತು ಅವರಷ್ಟು ಖುಷಿಯಾಗಿ ಊಟ ಮಾಡಿದವರು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಮಾರನೆಯ ದಿನ ನೆಂಟರು ಬಂದರು. ಅದರ ಮಾರನೆಯ ದಿನದಿಂದ ಸೋನೆ ಹಿಡಿಯಿತು. ಮಳೆ ಬಿಡುವ ಮೊದಲೇ ಅವರಿಗೆ ಎರಡನೆಯ ಸಲ ಲಕ್ವ ಹೊಡೆಯಿತು. ಈ ಸಲ ಮಾತು ಬರಲಿಲ್ಲ, ಏನೂ ಬರಲಿಲ್ಲ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟರು.

ಕರ್ಮಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ನಮ್ಮವರು ಜಗುಲಿಯಲ್ಲಿ ಕೂತಿದ್ದರು. ನಾನು ಕಾಫಿ ಕೊಟ್ಟೆ. ಲೋಟ ತೆಗೆದುಕೊಳ್ಳುತ್ತಾ ಅವರು ನನ್ನ ಮುಖ ನೋಡದೆ ಹೇಳಿದರು: “ಆ ಒಂದ್ ಚೀಲ ಬಿಟ್ಕೊಡ್ಬೋದಿತ್ತು ನೀನು.” ಅಷ್ಟೇ. ಮತ್ತೆಂದೂ ಆ ಮಾತು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಚೀಲಗಳನ್ನು ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದವಳು ನಾನೇ. ಹಲಗೆ ಶೆಡ್ಡು ಸೇರಿ ಅದರ ಮೇಲೆ ನೂಲಿನ ಕೋನುಗಳು ಕೂತವು. ಮೂರು ವರ್ಷ ನಾನು ನನ್ನೊಂದಿಗೇ ವಾದ ಮಾಡಿದೆ. ತಪ್ಪಿಸಿದ್ದರೆ ಅವರ ಕಣ್ಣಿಗೆ ಕಾಣುತ್ತಿತ್ತು, ಅದೊಂದು ಅವಮಾನ ಹೊತ್ತು ಹೋಗುತ್ತಿದ್ದರು ಎಂದು ಒಂದು ಮನಸ್ಸು. ಕಾಣದೆಯೂ ಇರಬಹುದಿತ್ತಲ್ಲ, ಗೆದ್ದೇ ಹೋಗುತ್ತಿದ್ದರಲ್ಲ ಎಂದು ಇನ್ನೊಂದು. ಈ ಎರಡರಲ್ಲಿ ಯಾವುದು ಹೆಚ್ಚೆಂದು ಕಳೆದು ನೋಡಲು ಈ ಗಣಿತದ ಟೀಚರಿಗೆ ಆಗಿಲ್ಲ. ಗೊತ್ತಿರುವುದು ಇಷ್ಟೇ, ಅವರು ನನಗೆ ಬೇಕಾಗಿದ್ದರು. ಇನ್ನೂ ಬೇಕು.

ಭಾನುವಾರ ಅಟ್ಟದಿಂದ ಇಳಿದು ಬಂದ ನಮ್ಮವರು ನೆಲದ ಮೇಲೆ ಬಿದ್ದಿದ್ದ ಚೀಲಗಳನ್ನು ಬಹಳ ಹೊತ್ತು ನೋಡಿದರು. ಬಿಸಾಡುವುದೇ ಎಂದು ಕೇಳುತ್ತಾರೆಂದುಕೊಂಡೆ. ಅವರು ಬ್ಲೇಡು ತಂದು ಹೊಲಿಗೆ ಬಿಚ್ಚಿ, ಹುಳು ಹಿಡಿದ ಜೋಳವನ್ನು ಮೊರಕ್ಕೆ ಸುರಿದರು. ಅಂಗಡಿಯಿಂದ ಹೊಸ ಜೋಳ ತಂದರು. ನಾನು ಕೈಹೊಲಿಗೆ ಹಾಕಿದೆ. ಸೈಟಿನಲ್ಲಿ ಈಗ ಯಾರೋ ಜಲ್ಲಿ ಸುರಿದಿದ್ದಾರೆ, ಆದರೂ ಹತ್ತು ಅಡಿ ಜಾಗ ಉಳಿದಿದೆ. ಹಲಗೆ ತಂದಿಟ್ಟು, ಕೆಂಪು ಚೀಲಗಳನ್ನು ಎತ್ತಿಕೊಂಡು ಅವರು ಗೆರೆಯ ಬಳಿ ನಿಂತರು. ಒಂದು ದಿನವೂ ಈ ಆಟ ಆಡಿದವರಲ್ಲ.

“ಅಮ್ಮನ ಕಡೆಯಿಂದ ನಾನ್ ಹಾಕ್ತೀನಿ,” ಎಂದರು. “ಹತ್ತೊಂಬತ್ತು, ಹತ್ತೊಂಬತ್ತು ಅಲ್ವಾ?”

ಅವರಿಗೂ ನೆನಪಿತ್ತು. ಬೇಡ ರೀ, ಅದು ಹಾಗೇ ಇರಲಿ, ನಾವು ಸೊನ್ನೆಯಿಂದ ಶುರು ಮಾಡೋಣ ಎಂದೆ. ಬಿಟ್ಟುಕೊಡಬಾರದು ಎಂದು ಅವರೇ ಹೇಳಿದರು. ಬಿಟ್ಟುಕೊಡುವುದಿಲ್ಲ ಎಂದೆ.

ನಾನು ಹಾಕಿದ್ದರಲ್ಲಿ ಹೆಚ್ಚಿನವು ಹಲಗೆಯ ಮೇಲೆ ನಿಂತವು, ಇಲ್ಲವೇ ತೂತಿಗೆ ಬಿದ್ದವು. ಅವರದು ಜಲ್ಲಿಗೆ, ಗಿಡಕ್ಕೆ, ಒಮ್ಮೆ ಶಾಹೀನ್ ಒಣಗಹಾಕಿದ್ದ ಬಟ್ಟೆಗೆ. ಮೊದಲ ಸುತ್ತಿನಲ್ಲಿ ನನ್ನ ನಾಲ್ಕು ಹಾಗೇ ಉಳಿಯಿತು, ಎರಡನೆಯದರಲ್ಲಿ ಆರು ಉಳಿಯಿತು, ಮೂರನೆಯದರಲ್ಲಿ ಐದು. ಏನೂ ಹೋಗಲಿಲ್ಲ. ಅಂಕ ಏರುತ್ತಾ ಹೋದಂತೆ ನನಗೆ ಕೈ ಭಾರವಾಗತೊಡಗಿತು. ಹೀಗೆ ಎಲ್ಲವೂ ನನ್ನದೇ ಆಗಿ ಉಳಿಯುವುದು ನನಗೆ ಬೇಡವಾಗಿತ್ತು. ನಾಲ್ಕನೆಯ ಸುತ್ತಿನಲ್ಲಿ ನನ್ನ ಎರಡು ಚೀಲ ಹಲಗೆಯ ಮೇಲಿದ್ದವು. ನಮ್ಮವರು ಕೊನೆಯ ಚೀಲ ಹಿಡಿದು, ನಾಲಿಗೆ ಹೊರಹಾಕಿ, ಒಂದು ಕಣ್ಣು ಮುಚ್ಚಿ ಎಸೆದರು. ಅದು ಹಲಗೆಯ ತುದಿಗೆ ಬಿದ್ದು, ಒಂದಿಷ್ಟು ಜಾರಿ, ನಿಂತುಬಿಟ್ಟಿತು.

ನನ್ನ ಎರಡರಲ್ಲಿ ಒಂದು ಹೋಯಿತು.

ಮೂರು ವರ್ಷದಲ್ಲಿ ನನ್ನದೊಂದನ್ನು ಯಾರಾದರೂ ಕಳೆದದ್ದು ಅದೇ ಮೊದಲು. ಜಲ್ಲಿ ರಾಶಿಯ ಮೇಲೆ ಕೂತುಬಿಟ್ಟೆ. ಅಳು ಬಂತು, ತಡೆಯಲಾಗಲಿಲ್ಲ. ನಮ್ಮವರು ಗಾಬರಿಯಾಗಿ ಹತ್ತಿರ ಬಂದು ನಿಂತು, ಏನು ಮಾಡಬೇಕೆಂದು ತೋಚದೆ, ಒಂದ್ ಪಾಯಿಂಟ್ ಹೋಗಿದ್ದಕ್ಕೆ ಯಾರಾದರೂ ಅಳುತ್ತಾರೇನೇ ಎಂದರು.

ಅಳುತ್ತಾರೆ ರೀ ಎಂದೆ.